ಹಾಡಿನ ಹೊದಿಕೆ

ಪುಸ್ತಕವೊಂದನ್ನು ಕೈಗೆತ್ತಿಕೊಂಡ ಓದುಗರು ಮೊದಲು ಅದರ ಹೊರಪುಟವನ್ನು ನೋಡುತ್ತಾರೆ. ಒಳಗೆ ಕರ್ತೃವಿನ ಹೆಸರನ್ನು ಓದುತ್ತಾರೆ. ಪ್ರಕಾಶಕರಾರು, ಅಚ್ಚಾದದ್ದು ಯಾವಾಗ ಎಂಬುದನ್ನು ಗಮನಿಸಿ ಮುನ್ನುಡಿಗೆ ಬರುತ್ತಾರೆ. ಸಂಗೀತದ ಧ್ವನಿಮುದ್ರಿಕೆಗೂ ಇಂಥವೇ ಅಂಗಗಳಿವೆಯೆಂಬುದು ನಮ್ಮ ಲಕ್ಷ್ಯಕ್ಕೆ ಬರುವುದು ಕಡಮೆ. ತಟ್ಟೆಯ ನಡುವಣ ದುಂಡು ಚೀಟಿ ಅದರ ಶೀರ್ಷಿಕೆ ಪುಟ. ರಟ್ಟಿನ ಚೀಲ ಅದರ ರಕ್ಷಾಪುಟ. ಆ ಚೀಲದ ಬೆನ್ನಿಗೆ ಅಚ್ಚಾದ ಬರಹ ಅದರ ಮುನ್ನುಡಿ. ಇವೆಲ್ಲವನ್ನೂ ಒಟ್ಟಾಗಿ ಹೊದಿಕೆಯೆಂದು ಕರೆದು, ಅದರ ವಿಷಯವಾಗಿ ಈ ಹೊತ್ತು ನಾಲ್ಕು ಮಾತುಗಳನ್ನಾಡಬೇಕೆಂದಿದ್ದೇನೆ. ಸಂಗೀತಶಾಸ್ತ್ರ ನನ್ನ ಅಧಿಕಾರದ ಕ್ಷೇತ್ರವಲ್ಲ. ಕನ್ನಡ ಸಾಹಿತ್ಯವನ್ನು ಪಾಠ ಹೇಳಿ ನಿವೃತ್ತನಾದವನು ನಾನು. ಆದರೆ ಹೊದಿಕೆ ಎಂಬುದು ಅಕ್ಷರದ ವ್ಯವಹಾರವಷ್ಟೆ. ಆ ಸಲುಗೆಯಿಂದ ಈ ವಿಷಯವನ್ನು ಎತ್ತಿಕೊಂಡಿದ್ದೇನೆ.

ಹಾಡು ಗಾಳಿಯಲ್ಲಿ ಹುಟ್ಟಿ ಗಾಳಿಯಲ್ಲಿಯೇ ಕರಗುವ ವಸ್ತು. ಅದಕ್ಕೆ ಕರ್ತೃವಿನ ಹೆಸರನ್ನು ಅಂಟಿಸುವುದಾದರೂ ಎಲ್ಲಿ? ನಮ್ಮ ಹಿರಿಯರು ಇದಕ್ಕೆ ಒಂದು ಉಪಾಯವನ್ನು ಕಂಡುಕೊಂಡಿದ್ದರು. ಹಾಡಿನ ಒಳಗೇ, ಬಹುಮಟ್ಟಿಗೆ ಅದರ ಕೊನೆಯಲ್ಲಿ, ಅಂಕಿತವನ್ನಿಟ್ಟರು. ಕೂಡಲಸಂಗಮದೇವ ಎಂದರೆ ಬಸವಣ್ಣನವರು, ಚೆನ್ನಮಲ್ಲಿಕಾರ್ಜುನ ಎಂದರೆ ಅಕ್ಕಮಹಾದೇವಿ, ಪುರಂದರವಿಠಲ ಎಂದರೆ ಪುರಂದರದಾಸರು. ಹೆಸರು ದೇವರದು, ಗುರುತು ಕವಿಯದು. ಬಾಯಿಂದ ಬಾಯಿಗೆ ದಾಟುವಾಗಲೂ ಹಾಡು ತನ್ನ ವಿಳಾಸವನ್ನು ತಾನೇ ಹೊತ್ತು ಸಾಗಿತು. ಓಲೆಗರಿಯ ಗ್ರಂಥಗಳಲ್ಲಿ ವ್ಯವಸ್ಥೆ ಬೇರೆ. ಕಟ್ಟಿನ ಮೇಲೊಂದು ಕೆಳಗೊಂದು ಮರದ ಹಲಗೆಯಿರಿಸಿ, ತೂತಿನ ಮೂಲಕ ದಾರ ಪೋಣಿಸಿ ಬಿಗಿಯುತ್ತಿದ್ದರು. ಕೊನೆಯ ಗರಿಯಲ್ಲಿ ಲಿಪಿಕಾರನು ಅನೇಕ ವೇಳೆ ತನ್ನ ಹೆಸರನ್ನೂ ಬರೆದು ಮುಗಿಸಿದ ಸಂವತ್ಸರ, ಮಾಸ, ತಿಥಿಗಳನ್ನೂ ಕಾಣಿಸುತ್ತಿದ್ದನು. ಗ್ರಂಥಸಂಪಾದನೆ ಮಾಡಿದವರಿಗೆಲ್ಲ ಆ ಕೊನೆಯ ಗರಿಯ ಬೆಲೆ ಗೊತ್ತು. ಅದು ಮುರಿದು ಹೋಗಿದ್ದರೆ ಪ್ರತಿಯ ಕಾಲ, ದೇಶ ಎರಡೂ ಊಹೆಯ ಪಾಲಾಗುತ್ತವೆ.

ಈ ದೃಷ್ಟಿಯಿಂದ ನೋಡಿದರೆ ಹೊದಿಕೆಯ ಕೆಲಸಗಳು ಮೂರು: ಕಾಯುವುದು, ಕರೆಯುವುದು, ಹೇಳುವುದು. ಒಳಗಿನ ವಸ್ತುವನ್ನು ಧೂಳಿನಿಂದ, ಪೆಟ್ಟಿನಿಂದ ಕಾಯಬೇಕು. ಅಂಗಡಿಯಲ್ಲಿ ನಿಂತ ಗಿರಾಕಿಯ ಕಣ್ಣನ್ನು ಕರೆಯಬೇಕು. ಒಳಗಿರುವುದು ಏನು, ಯಾರದು ಎಂಬುದನ್ನು ಹೇಳಬೇಕು. ಧ್ವನಿಮುದ್ರಿಕೆಯ ಸುಮಾರು ನೂರನಲವತ್ತು ವರ್ಷಗಳ ಇತಿಹಾಸದಲ್ಲಿ ಮೊದಲಿನ ಎರಡು ಕೆಲಸಗಳಿಗೆ ದೊರೆತ ಆದರ ಮೂರನೆಯದಕ್ಕೆ ದೊರೆಯಲಿಲ್ಲವೆಂಬುದು ನನ್ನ ಅಭಿಪ್ರಾಯ. ಅದನ್ನು ಸ್ವಲ್ಪ ವಿವರಿಸುತ್ತೇನೆ.

1877ರಲ್ಲಿ ಎಡಿಸನ್ ಧ್ವನಿಯನ್ನು ಹಿಡಿದಿಟ್ಟದ್ದು ಉರುಳೆಯ ಮೇಲೆ. ಮುಂದೆ ಮಾರಾಟಕ್ಕೆ ಬಂದ ಮೇಣದ ಉರುಳೆಗಳನ್ನು ದುಂಡನೆಯ ರಟ್ಟಿನ ಡಬ್ಬಿಗಳಲ್ಲಿ ಇಡುತ್ತಿದ್ದರು. ಉರುಳೆಯ ಮೈಯೆಲ್ಲ ಧ್ವನಿಯ ಗೀರುಗಳಿಂದ ತುಂಬಿರುತ್ತಿದ್ದುದರಿಂದ ಹೆಸರು ಬರೆಯಲು ತಾವಿರಲಿಲ್ಲ. ಮೊದಮೊದಲು ಬರೆದದ್ದೆಲ್ಲ ಡಬ್ಬಿಯ ಮೇಲೆ, ಇಲ್ಲವೆ ಡಬ್ಬಿಯೊಳಗಿನ ಚೀಟಿಯಲ್ಲಿ. ಡಬ್ಬಿ ಅದಲುಬದಲಾದರೆ ಹಾಡು ಅನಾಥವಾಯಿತು. 1887ರಲ್ಲಿ ಎಮಿಲ್ ಬರ್ಲಿನರ್ ಗ್ರಾಮಫೋನಿಗೆ ಹಕ್ಕುಪತ್ರ ಪಡೆದರು. ಅದರಿಂದ ಬೆಳೆದ ಚಪ್ಪಟೆ ತಟ್ಟೆಯ ದೊಡ್ಡ ಅನುಕೂಲವೆಂದರೆ ಒಂದೇ ಅಚ್ಚಿನಿಂದ ಸಾವಿರಾರು ಪ್ರತಿಗಳನ್ನು ಒತ್ತಿ ತೆಗೆಯಬಹುದಾಗಿತ್ತು. ಇನ್ನೊಂದು ಅನುಕೂಲವನ್ನು ಅಷ್ಟಾಗಿ ಯಾರೂ ಹೇಳುವುದಿಲ್ಲ: ಮುಳ್ಳು ತಲುಪದ ಒಂದು ವೃತ್ತ ತಟ್ಟೆಯ ನಡುವೆ ಉಳಿಯುತ್ತಿತ್ತು. ಅಲ್ಲಿ ಅಕ್ಷರಕ್ಕೆ ಎಡೆ ದೊರೆಯಿತು. ಆರಂಭದಲ್ಲಿ ಹೆಸರು, ಸಂಖ್ಯೆಗಳನ್ನು ಆ ಜಾಗದಲ್ಲಿ ಕೊರೆಯುತ್ತಿದ್ದರು. ಜರ್ಮನಿಯಲ್ಲಿ ಆಟಿಕೆಯ ಯಂತ್ರಕ್ಕಾಗಿ ತಯಾರಾದ ಐದು ಅಂಗುಲದ ಪುಟ್ಟ ತಟ್ಟೆಗಳ ಬೆನ್ನಿಗೆ ಹಾಡಿನ ಸಾಹಿತ್ಯವನ್ನೇ ಅಚ್ಚುಮಾಡಿ ಅಂಟಿಸಿದ್ದುಂಟು. 1900ರಲ್ಲಿ ಎಲ್ಡ್ರಿಜ್ ಜಾನ್ಸನ್ ನಡುವೆ ಕಾಗದದ ಚೀಟಿಯನ್ನು ಅಂಟಿಸುವ ಪದ್ಧತಿಯನ್ನು ತಂದರು. ನಾವು ಲೇಬಲ್ಲು ಎನ್ನುವುದು ಇದನ್ನೇ.

ಆ ಲೇಬಲ್ಲಿನ ಮೇಲಿನ ಚಿತ್ರವನ್ನು ಕೇಳುಗರಲ್ಲಿ ಅನೇಕರು ಬಲ್ಲಿರಿ. ಗ್ರಾಮಫೋನ್ ಕಂಪೆನಿಯ ಮೊದಲ ಗುರುತು ತಟ್ಟೆಯ ಮೇಲೆ ಗರಿಯ ಲೇಖನಿಯಿಂದ ಬರೆಯುತ್ತ ಕುಳಿತ ದೇವದೂತನದು. 1898ರಲ್ಲಿ ಬಳಕೆಗೆ ಬಂದದ್ದು. ಅನಂತರದ್ದು ಜಗತ್ಪ್ರಸಿದ್ಧವಾದ ನಾಯಿಯದು. ಫ್ರಾನ್ಸಿಸ್ ಬ್ಯಾರೋ ಎಂಬ ಚಿತ್ರಕಾರರು ನಿಪ್ಪರ್ ಎಂಬ ನಾಯಿಯನ್ನು ಉರುಳೆಯ ಯಂತ್ರದ ಮುಂದೆ ಕುಳಿತಿರುವಂತೆ ಚಿತ್ರಿಸಿದ್ದರು. 1899ರಲ್ಲಿ ಗ್ರಾಮಫೋನ್ ಕಂಪೆನಿ ಆ ಚಿತ್ರವನ್ನು ಕೊಂಡಿತು. ಆದರೆ ಅದು ತಮ್ಮ ತಟ್ಟೆಯ ಯಂತ್ರವಾಗಿರಬೇಕೆಂಬುದು ಅವರ ಷರತ್ತು. ಚಿತ್ರಕಾರರು ಹಳೆಯ ಯಂತ್ರದ ಮೇಲೆಯೇ ಬಣ್ಣ ಬಳಿದು ಹೊಸದನ್ನು ಬರೆದರು. ನಮ್ಮ ಹಳ್ಳಿಗಳಲ್ಲಿ 'ನಾಯಿ ಗುರುತಿನ ಪ್ಲೇಟು' ಎಂದರೆ ಸಾಕಾಗಿತ್ತು. ಓದು ಬಾರದವರೂ ಅಂಗಡಿಯಲ್ಲಿ ಬೆರಳಿಟ್ಟು ತೋರಿಸಬಲ್ಲವರಾಗಿದ್ದರು.

ಭಾರತದ ಮಟ್ಟಿಗೆ 1902ರ ನವೆಂಬರ್ ತಿಂಗಳು ಮರೆಯಲಾಗದ್ದು. ಫ್ರೆಡ್ ಗೈಸ್‌ಬರ್ಗ್ ಕಲ್ಕತ್ತೆಗೆ ಬಂದು ಗೌಹರ್ ಜಾನ್ ಮೊದಲಾದವರ ಹಾಡುಗಾರಿಕೆಯನ್ನು ಮುದ್ರಿಸಿಕೊಂಡರು. ಅವುಗಳನ್ನು ತಟ್ಟೆಗಳಾಗಿ ಒತ್ತಿದ್ದು ಜರ್ಮನಿಯ ಹ್ಯಾನೋವರಿನಲ್ಲಿ. ಅಲ್ಲಿನ ಕೆಲಸಗಾರರಿಗೆ ನಮ್ಮ ಭಾಷೆಯೂ ತಿಳಿಯದು, ರಾಗವೂ ತಿಳಿಯದು. ಯಾವ ತಟ್ಟೆಗೆ ಯಾರ ಹೆಸರಿನ ಚೀಟಿಯನ್ನು ಅಂಟಿಸಬೇಕು? ಆದ್ದರಿಂದ ಗಾಯಕಿ ಹಾಡನ್ನು ಮುಗಿಸುತ್ತಲೇ ಇಂಗ್ಲಿಷಿನಲ್ಲಿ ತನ್ನ ಹೆಸರನ್ನು ಗಟ್ಟಿಯಾಗಿ ಸಾರುತ್ತಿದ್ದಳು. ಇಂದಿಗೂ ಆ ಮುದ್ರಿಕೆಗಳಲ್ಲಿ ಅದನ್ನು ಕೇಳಬಹುದು. ನಾನು ಮೊದಲ ಸಲ ಕೇಳಿದಾಗ ನನಗೆ ನೆನಪಾದದ್ದು ಅಂಕಿತವೇ. ಅಕ್ಷರ ಕೈಕೊಡಬಹುದೆಂಬ ಶಂಕೆಯಿದ್ದಲ್ಲಿ ಹಾಡು ಮತ್ತೆ ತನ್ನ ಹೆಸರನ್ನು ಒಡಲೊಳಗೆ ಇಟ್ಟುಕೊಂಡಿತು. 1908ರಲ್ಲಿ ಕಲ್ಕತ್ತೆಯ ಸಿಯಾಲ್ದಾದಲ್ಲಿಯೇ ತಟ್ಟೆ ಒತ್ತುವ ಕಾರ್ಖಾನೆ ಆರಂಭವಾಯಿತು. ತಟ್ಟೆಗೆ ಮುಖ್ಯವಾಗಿ ಬೇಕಾದ ಅರಗು ನಮ್ಮ ದೇಶದ ಕಾಡಿನ ಉತ್ಪನ್ನ. ಅರಗಿನೊಡನೆ ಕಲ್ಲಿನ ಪುಡಿ, ಕಾಡಿಗೆಗಳನ್ನು ಬೆರೆಸಿ ಒತ್ತಿದ ಆ ತಟ್ಟೆ ಕೈತಪ್ಪಿ ಬಿದ್ದರೆ ಹಂಚಿನಂತೆ ಚೂರಾಗುತ್ತಿತ್ತು.

ಅಂಥ ತಟ್ಟೆಗೆ ಇದ್ದ ಉಡುಪು ಬಹು ಸರಳವಾದದ್ದು: ಒರಟು ಕಾಗದದ ಚೀಲ, ಲೇಬಲ್ಲು ಕಾಣುವಂತೆ ನಡುವೆ ಒಂದು ದುಂಡು ಕಿಂಡಿ. ಚೀಲದ ಮೇಲೆ ಕಂಪೆನಿಯ ಜಾಹೀರಾತು, ಕೆಲವು ವೇಳೆ ಅಂಗಡಿಯವರ ಹೆಸರು, ಮುಳ್ಳನ್ನು ಆಗಾಗ ಬದಲಾಯಿಸಬೇಕೆಂಬ ಸೂಚನೆ. ಯಾವ ಹಾಡಿಗಾದರೂ ಅದೇ ಚೀಲ. ಹೇಳಬೇಕಾದುದನ್ನೆಲ್ಲ ಸುಮಾರು ಮೂರು ಅಂಗುಲದ ಲೇಬಲ್ಲೇ ಹೇಳಬೇಕಾಗಿತ್ತು. ಹಾಡಿದವರ ಹೆಸರು, ಹಾಡಿನ ಮೊದಲ ಮಾತು, ರಾಗ, ಭಾಷೆ, ಸಂಖ್ಯೆ ಇವಿಷ್ಟಕ್ಕೆ ಜಾಗ ತುಂಬುತ್ತಿತ್ತು. ಬರೆದವರ ಹೆಸರು ಕೆಲವೊಮ್ಮೆ ಇರುತ್ತಿತ್ತು. ಹಾರ್ಮೋನಿಯಂ, ತಬಲಾ, ಪಿಟೀಲು ನುಡಿಸಿದವರ ಹೆಸರು ವಿರಳ. ತಂಬೂರಿ ಮೀಟಿದವರನ್ನು ಕೇಳುವವರೇ ಇಲ್ಲ.

ಹೀಗಿದ್ದರೂ ಆ ಪುಟ್ಟ ಚೀಟಿ ಚರಿತ್ರೆಗೆ ಎಂಥ ಆಧಾರ ಎಂಬುದಕ್ಕೆ ನಮ್ಮ ನಾಡಿನದೇ ಉದಾಹರಣೆಯಿದೆ. ಗಂಗೂಬಾಯಿ ಹಾನಗಲ್ ಅವರ 1930ರ ದಶಕದ ಆರಂಭದ ಮುದ್ರಿಕೆಗಳ ಮೇಲೆ ಇರುವ ಹೆಸರು ಗಾಂಧಾರಿ. ಜೊತೆಗೆ ಊರಿನ ಹೆಸರಾಗಿ ಹುಬ್ಬಳ್ಳಿ. ಇಂದಿನ ಹೆಸರನ್ನು ಹಿಡಿದು ಹುಡುಕುವವರಿಗೆ ಅವು ಸಿಕ್ಕುವುದಿಲ್ಲ. ಲೇಬಲ್ಲು ಕಿತ್ತುಹೋಗಿದ್ದರಂತೂ ಆ ತೆಳುವಾದ ಎಳೆಯ ಕಂಠ ಮುಂದಿನ ಗಂಭೀರ ಕಂಠದವರದೇ ಎಂದು ಗುರುತಿಸುವುದು ಸುಲಭವಲ್ಲ. ಇನ್ನೊಂದು ಮಾತು. ಪಿ. ಕಾಳಿಂಗರಾಯರ ಕಂಠದಿಂದ ನವೋದಯ ಕವಿಗಳ ಎಷ್ಟೋ ಗೀತೆಗಳು ಗ್ರಾಮಫೋನಿನ ಮೂಲಕ ಮನೆಮನೆಯನ್ನು ಸೇರಿದವು. ಜನ ಅವನ್ನು ಕಾಳಿಂಗರಾಯರ ಹಾಡುಗಳೆಂದೇ ಕರೆದರು. ತರಗತಿಯಲ್ಲಿ ಭಾವಗೀತೆಯೊಂದರ ಕರ್ತೃ ಯಾರೆಂದು ಕೇಳಿದರೆ ವಿದ್ಯಾರ್ಥಿಗಳು ಗಾಯಕರ ಹೆಸರನ್ನು ಹೇಳುತ್ತಿದ್ದುದು ನನ್ನ ಅನುಭವ. ಗಾಯಕರಿಗೆ ಇದರಿಂದ ಗೌರವವೇ ಹೊರತು ಕುಂದಲ್ಲ. ಆದರೆ ಕವಿಗೆ ಸಲ್ಲಬೇಕಾದುದು ಸಲ್ಲಬೇಕಲ್ಲವೆ? ಬಾನುಲಿಯ ಉದ್ಘೋಷಕರು ಹಾಡಿನ ಹಿಂದುಮುಂದೆ ರಚನೆ ಇಂಥವರದು, ಸಂಗೀತ ಇಂಥವರದು, ಹಾಡಿದವರು ಇಂಥವರು ಎಂದು ಓದಿ ಹೇಳುವ ಪದ್ಧತಿ ಈ ಋಣವನ್ನು ಬಹುಕಾಲ ತೀರಿಸಿತು. ಅವರು ಓದುತ್ತಿದ್ದುದು ಲೇಬಲ್ಲನ್ನೇ.

ಇನ್ನು 'ಕರೆಯುವ' ಕೆಲಸಕ್ಕೆ ಬರೋಣ. ಅರಗಿನ ತಟ್ಟೆಯ ಒಂದು ಮಗ್ಗುಲು ಮೂರು ನಾಲ್ಕು ನಿಮಿಷ ಮಾತ್ರ ನುಡಿಯುತ್ತಿತ್ತು. ಪಾಶ್ಚಾತ್ಯ ಸಿಂಫನಿಯೊಂದು ಪೂರ್ತಿಯಾಗಬೇಕಾದರೆ ನಾಲ್ಕೈದು ತಟ್ಟೆಗಳು ಬೇಕು. ಅವನ್ನು ಭಾವಚಿತ್ರದ ಆಲ್ಬಮ್ಮಿನಂತೆ ಚೀಲಗಳನ್ನು ಹೊಲಿದ ಪುಸ್ತಕದಲ್ಲಿ ಇಟ್ಟು ಮಾರುತ್ತಿದ್ದರು. ಹಾಡುಗಳ ಗುಚ್ಛಕ್ಕೆ ಈಗಲೂ ಆಲ್ಬಮ್ ಎಂಬ ಹೆಸರು ಉಳಿದಿರುವುದು ಆ ಕಾರಣದಿಂದ. ಆ ಪುಸ್ತಕಗಳ ಹೊರಮೈ ಕಂದು ಅಥವಾ ಬೂದು ಬಣ್ಣದ್ದು, ಹೆಸರು ಮಾತ್ರ ಅಚ್ಚಾದದ್ದು. ನೀರಸವೆಂಬ ಕಾರಣಕ್ಕೆ ಅವಕ್ಕೆ ಗೋರಿಕಲ್ಲುಗಳೆಂದು ಅಡ್ಡಹೆಸರು ಬಿದ್ದಿತ್ತು. 1939ರಲ್ಲಿ ಅಮೆರಿಕದ ಕೊಲಂಬಿಯಾ ಕಂಪೆನಿಗೆ ಅಲೆಕ್ಸ್ ಸ್ಟೈನ್‌ವೈಸ್ ಎಂಬ ಇಪ್ಪತ್ತೆರಡರ ತರುಣ ಕಲಾವಿದ ಸೇರಿದರು. ಒಳಗೆ ಇಷ್ಟು ಚೆಲುವಾದ ಸಂಗೀತವಿರುವಾಗ ಹೊರಗೆ ಈ ಗೋರಿಕಲ್ಲೇಕೆ ಎಂಬುದು ಅವರ ಪ್ರಶ್ನೆ. 1940ರಲ್ಲಿ ರಾಜರ್ಸ್ ಮತ್ತು ಹಾರ್ಟ್ ಜೋಡಿಯ ಗೀತೆಗಳ ಆಲ್ಬಮ್ಮಿಗಾಗಿ ನ್ಯೂಯಾರ್ಕಿನ ನಾಟಕಶಾಲೆಯೊಂದರ ಮುಂಭಾಗದ ದೀಪದಕ್ಷರಗಳನ್ನು ಬದಲಿಸಿ, ಆಲ್ಬಮ್ಮಿನ ಹೆಸರು ಅಲ್ಲಿ ಹೊಳೆಯುವಂತೆ ಮಾಡಿ, ಅದರ ಛಾಯಾಚಿತ್ರದಿಂದ ಹೊದಿಕೆಯನ್ನು ರಚಿಸಿದರು. ಚಿತ್ರವುಳ್ಳ ಹೊದಿಕೆ ಬಂದೊಡನೆ ಹಳೆಯ ಸಂಗೀತಕ್ಕೂ ಹೊಸ ಗಿರಾಕಿಗಳು ಹುಟ್ಟಿದರು. 1948ರಲ್ಲಿ ಅದೇ ಕಂಪೆನಿ ನಿಮಿಷಕ್ಕೆ ಮೂವತ್ತಮೂರೂ ಕಾಲೇ ಒಂದು... ಅಲ್ಲ, ಮೂವತ್ತಮೂರು ಪೂರ್ಣ ಮೂರನೆಯ ಒಂದು ಸುತ್ತು ತಿರುಗುವ, ಮಗ್ಗುಲಿಗೆ ಇಪ್ಪತ್ತು ನಿಮಿಷಕ್ಕೂ ಮಿಕ್ಕಿ ನುಡಿಯುವ ಎಲ್.ಪಿ. ತಟ್ಟೆಯನ್ನು ತಂದಿತು. ಅದರ ಮೃದುವಾದ ಮೈಗೆ ಒರಟು ಕಾಗದ ತಗುಲಿ ಗೀರು ಬೀಳುತ್ತಿತ್ತು. ತೆಳುವಾದ ರಟ್ಟನ್ನು ಮಡಿಸಿ, ಮೇಲೆ ಅಚ್ಚಾದ ಕಾಗದವನ್ನು ಅಂಟಿಸುವ ಹೊಸ ಹೊದಿಕೆಯನ್ನು ರೂಪಿಸಿದವರೂ ಸ್ಟೈನ್‌ವೈಸರೇ.

ಎಲ್.ಪಿ.ಯ ಹೊದಿಕೆಯೆಂದರೆ ಒಂದಡಿಗೂ ತುಸು ಮಿಕ್ಕ ಚೌಕ. ಮುಂದೆ ಚಿತ್ರ, ಹಿಂದೆ ಬರಹ. ಮೂರು ಕೆಲಸಗಳೂ ಒಂದೆಡೆ ನೆಮ್ಮದಿಯಾಗಿ ಕೂಡಿದ್ದು ಇಲ್ಲಿಯೇ. ನ್ಯೂಯಾರ್ಕಿನ ಬ್ಲೂ ನೋಟ್ ಕಂಪೆನಿಯ ಜಾಜ್ ತಟ್ಟೆಗಳಿಗೆ ಫ್ರಾನ್ಸಿಸ್ ವುಲ್ಫ್ ತೆಗೆದ ಕಪ್ಪುಬಿಳುಪಿನ ಛಾಯಾಚಿತ್ರಗಳನ್ನು ಬಳಸಿ, ಒಂದೇ ಒಂದು ಬಣ್ಣವನ್ನೂ ದೊಡ್ಡ ಅಕ್ಷರಗಳನ್ನೂ ಸೇರಿಸಿ ರೀಡ್ ಮೈಲ್ಸ್ ರಚಿಸಿದ ಹೊದಿಕೆಗಳನ್ನು ಇಂದಿಗೂ ವಿನ್ಯಾಸದ ಪಾಠವೆಂದು ಅಭ್ಯಾಸ ಮಾಡುತ್ತಾರೆ. ಹಿಂಬದಿಯ ಬರಹವಾದರೋ ಒಂದು ಸಾಹಿತ್ಯಪ್ರಕಾರವಾಗಿಯೇ ಬೆಳೆಯಿತು; 1964ರಿಂದ ಗ್ರ್ಯಾಮಿ ಪ್ರಶಸ್ತಿಗಳಲ್ಲಿ ಆ ಬರಹಕ್ಕೆಂದೇ ಒಂದು ಪ್ರಶಸ್ತಿಯಿದೆ. 1955ರಲ್ಲಿ ಉಸ್ತಾದ್ ಅಲಿ ಅಕ್ಬರ್ ಖಾನರ ಎಲ್.ಪಿ. ಅಮೆರಿಕದಲ್ಲಿ ಬಂದಾಗ ಯೆಹೂದಿ ಮೆನುಹಿನ್ ಅದರ ಪ್ರಾರಂಭದಲ್ಲಿ ತಾವೇ ಮಾತನಾಡಿ ರಾಗಸಂಗೀತವನ್ನು ಪರಿಚಯಿಸಿದರು. ಸರೋದಿನ ಜೊತೆಗೆ ತಬಲಾ ಚತುರ್ ಲಾಲ್, ತಂಬೂರಿ ಶಿರೀಷ್ ಗೋರ್ ಎಂದು ಹೆಸರುಗಳು ದಾಖಲಾದವು. ತಂಬೂರಿಯವರಿಗೂ ಹೆಸರಿತ್ತೆಂಬುದನ್ನು ಗಮನಿಸಬೇಕು.

ಇದಕ್ಕೆ ವಿರುದ್ಧವಾದ ಒಂದು ಪ್ರಸಂಗವನ್ನು ಹೇಳುತ್ತೇನೆ. ಜಗತ್ತಿನ ಅತಿ ಪ್ರಸಿದ್ಧ ಹೊದಿಕೆಗಳಲ್ಲೊಂದು ಬೀಟಲ್ಸ್ ತಂಡದ 'ಸಾರ್ಜೆಂಟ್ ಪೆಪ್ಪರ್ಸ್' ಆಲ್ಬಮ್ಮಿನದು; 1967ರದು. ಪೀಟರ್ ಬ್ಲೇಕ್ ಮತ್ತು ಜ್ಯಾನ್ ಹಾವರ್ತ್ ಎಂಬ ಕಲಾವಿದರು ಅದರಲ್ಲಿ ಲೋಕದ ಹತ್ತಾರು ಪ್ರಸಿದ್ಧರ ಆಳೆತ್ತರದ ಚಿತ್ರಗಳನ್ನು ಸಾಲಾಗಿ ನಿಲ್ಲಿಸಿದರು. ಜಾರ್ಜ್ ಹ್ಯಾರಿಸನ್ನರ ಇಚ್ಛೆಯಂತೆ ಲಾಹಿರಿ ಮಹಾಶಯ, ಯುಕ್ತೇಶ್ವರ ಗಿರಿ, ಪರಮಹಂಸ ಯೋಗಾನಂದ, ಬಾಬಾಜಿ ಎಂಬ ನಾಲ್ವರು ಭಾರತೀಯ ಯೋಗಿಗಳು ಅಲ್ಲಿದ್ದಾರೆ. ಮಹಾತ್ಮಾ ಗಾಂಧಿಯವರ ಚಿತ್ರವೂ ಇತ್ತು. ಭಾರತದಲ್ಲಿ ಅಸಮಾಧಾನವಾದೀತೆಂದು ಇ.ಎಂ.ಐ. ಕಂಪೆನಿಯ ಮುಖ್ಯಸ್ಥ ಸರ್ ಜೋಸೆಫ್ ಲಾಕ್‌ವುಡ್ ಅದನ್ನು ತೆಗೆಸಿದರು. ಹೊದಿಕೆಯ ಬೆನ್ನಿಗೆ ಎಲ್ಲ ಹಾಡುಗಳ ಸಾಹಿತ್ಯವನ್ನೂ ಅಚ್ಚು ಮಾಡಿದ್ದರು. ಯಾರ ಮುಖ ಇರಬೇಕು, ಯಾರದು ಇರಬಾರದು ಎಂದು ಇಷ್ಟೆಲ್ಲ ಚರ್ಚೆ ನಡೆದ ಆ ಹೊದಿಕೆಯಲ್ಲಿ ಒಂದು ಸಂಗತಿ ಮಾತ್ರ ಬಿಟ್ಟುಹೋಯಿತು. ಆಲ್ಬಮ್ಮಿನಲ್ಲಿ ಹ್ಯಾರಿಸನ್ ರಚಿಸಿದ, ಪೂರ್ತಿ ನಮ್ಮ ಧಾಟಿಯ ಒಂದು ಹಾಡಿದೆ. ಅದಕ್ಕೆ ಲಂಡನ್ನಿನಲ್ಲಿ ನೆಲೆಸಿದ್ದ ಭಾರತೀಯ ವಾದಕರು ದಿಲ್‌ರುಬಾ, ತಬಲಾ, ತಂಬೂರಿಗಳನ್ನು ನುಡಿಸಿದ್ದರು. ಅವರ ಹೆಸರು ಎಲ್ಲಿಯೂ ಇಲ್ಲ.

ಹಿಂದಿನ ವರ್ಷ, 1966ರಲ್ಲಿ, ಅದೇ ತಂಡದ 'ರಿವಾಲ್ವರ್' ಆಲ್ಬಮ್ಮಿನ ಹೊದಿಕೆಯಲ್ಲಿ ತಬಲಾ ನುಡಿಸಿದ ಅನಿಲ್ ಭಾಗವತರ ಹೆಸರು ಅಚ್ಚಾಗಿತ್ತು. ಆದಕಾರಣ ಅವರು ಯಾರೆಂಬುದು ಲೋಕಕ್ಕೆ ಅಂದೇ ತಿಳಿಯಿತು. 1967ರವರು ಸುಮಾರು ಐವತ್ತು ವರ್ಷ ಅಜ್ಞಾತರಾಗಿಯೇ ಉಳಿದರು. ಕೊನೆಗೆ ಲಿವರ್‌ಪೂಲ್ ವಿಶ್ವವಿದ್ಯಾನಿಲಯದ ಶೋಧದಿಂದ ಅವರ ಗುರುತು ಹತ್ತಿತು: ದಿಲ್‌ರುಬಾ ನುಡಿಸಿದವರು ಅಣ್ಣಾ ಜೋಶಿ ಮತ್ತು ಅಮೃತ್ ಗಜ್ಜರ್, ತಂಬೂರಿ ಬುದ್ಧದೇವ್ ಕನ್ಸಾರಾ, ತಬಲಾ ನಟವರ್ ಸೋನಿ. ಕೋಟಿಗಟ್ಟಲೆ ಕಿವಿಗಳು ಕೇಳಿದ ನಾದ ಅವರದು. ಒಂದು ಸಾಲಿನ ಅಚ್ಚಿನ ಅಭಾವದಿಂದ ಅರ್ಧ ಶತಮಾನ ಅದು ಯಾರದೂ ಅಲ್ಲವಾಯಿತು. ಹೊದಿಕೆಯಲ್ಲಿ ಎಡೆಯಿರಲಿಲ್ಲ ಎನ್ನುವಂತಿಲ್ಲ.

ಅನಂತರದ ಕಥೆ ಕುಗ್ಗುವಿಕೆಯ ಕಥೆ. ಕ್ಯಾಸೆಟ್ಟು ಬಂದಿತು. ಕೆ. ಎಸ್. ನಿಸಾರ್ ಅಹಮದ್ ಅವರ ಗೀತೆಗಳಿಗೆ ಮೈಸೂರು ಅನಂತಸ್ವಾಮಿಯವರು ರಾಗ ಹಾಕಿದ, 1978ರ 'ನಿತ್ಯೋತ್ಸವ' ಕನ್ನಡ ಭಾವಗೀತೆಗಳ ಮೊದಲ ಧ್ವನಿಸುರುಳಿಯೆಂದು ಹೆಸರಾಗಿದೆ. ಧ್ವನಿಸುರುಳಿಗಳಿಂದ ನಮ್ಮ ಕವಿತೆ ಹಳ್ಳಿಹಳ್ಳಿಗೆ ಹೋಯಿತೆಂಬುದು ದೊಡ್ಡ ಲಾಭ. ಹೊದಿಕೆ ಅಂಗೈಯಗಲದ ಮಡಿಸಿದ ಚೀಟಿಯಾಯಿತೆಂಬುದು ನಷ್ಟ. 1982ರಲ್ಲಿ ಸಿ.ಡಿ. ಬಂದಿತು. ಅದರ ವ್ಯಾಸ ಹನ್ನೆರಡು ಸೆಂಟಿಮೀಟರು. ಎಲ್.ಪಿ. ಹೊದಿಕೆಯ ವಿಸ್ತಾರದ ಸುಮಾರು ಏಳನೆಯ ಒಂದು ಪಾಲು ಮಾತ್ರ ಅದರ ಮುಖಪುಟಕ್ಕೆ ಉಳಿಯಿತು. ಒಳಗೆ ಕಿರುಹೊತ್ತಗೆಯಿರುತ್ತಿತ್ತು, ನಿಜ. ನನ್ನ ವಯಸ್ಸಿನವರಿಗೆ ಅದನ್ನು ಓದಲು ಭೂತಗನ್ನಡಿ ಬೇಕು. ಈಗ ಬಹುಮಂದಿ ಹಾಡು ಕೇಳುವುದು ಮೊಬೈಲಿನಲ್ಲಿ. ಅಲ್ಲಿ ಹೊದಿಕೆ ಅಂಚೆಚೀಟಿಯಷ್ಟು. ಕಾಯಲು ತಟ್ಟೆಯೇ ಇಲ್ಲದಿರುವುದರಿಂದ ಕಾಯುವ ಕೆಲಸವಿಲ್ಲ. ಕರೆಯುವ ಕೆಲಸ ಅಷ್ಟಿಷ್ಟು ಉಳಿದಿದೆ. ಹೇಳುವ ಕೆಲಸ? ಹಾಡಿನ ಹೆಸರು, ಹಾಡಿದವರ ಹೆಸರು ಕಾಣುತ್ತವೆ. ಕವಿಯ, ವಾದಕರ ಹೆಸರುಗಳನ್ನು ತೋರಿಸುವ ಏರ್ಪಾಡು ಕೆಲವು ಕಡೆಗಳಲ್ಲಿದ್ದರೂ ಹಳೆಯ ಕನ್ನಡ ಹಾಡುಗಳ ಮಟ್ಟಿಗೆ ಆ ಜಾಗ ಬರಿದಾಗಿರುವುದನ್ನೇ ನಾನು ಹೆಚ್ಚಾಗಿ ಕಂಡಿದ್ದೇನೆ. ಮೂರು ಅಂಗುಲದ ಲೇಬಲ್ಲಿನವರಿಗೆ ಜಾಗವಿರಲಿಲ್ಲವೆಂಬ ಸಬೂಬಾದರೂ ಇತ್ತು. ಎಷ್ಟು ಬರೆದರೂ ತುಂಬದ ಜಾಗವಿರುವ ಇಂದಿನವರಿಗೆ ಅದೂ ಇಲ್ಲ.

ಹಳೆಯ ತಟ್ಟೆಗಳ ಮೇಲೆ ಈಚೆಗೆ ಮತ್ತೆ ಮೋಹ ಹುಟ್ಟಿದೆ. ಅಮೆರಿಕದಲ್ಲಿ 2022ರಲ್ಲಿ ಎಲ್.ಪಿ.ಗಳು ಸಂಖ್ಯೆಯಲ್ಲಿ ಸಿ.ಡಿ.ಗಳಿಗಿಂತ ಹೆಚ್ಚಾಗಿ ಮಾರಾಟವಾದವು. 1987ರ ತರುವಾಯ ಹಾಗಾದದ್ದು ಅದೇ ಮೊದಲು. ನಮ್ಮ ನಗರಗಳಲ್ಲಿಯೂ ಹಳೆಯ ಹೊದಿಕೆಗಳಿಗೆ ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕುವವರಿದ್ದಾರೆ. ಚೆಂದವೇ. ಆದರೆ ಗೋಡೆಗೆ ತಗುಲಿದ್ದು ಮುಂಬದಿ. ಹೆಸರುಗಳಿರುವ ಹಿಂಬದಿ ಗೋಡೆಯ ಪಾಲಾಯಿತು. ಇದಕ್ಕಿಂತ ಕಳವಳದ ಸಂಗತಿಯೊಂದನ್ನು ಗ್ರಂಥಭಂಡಾರವೊಂದರಲ್ಲಿ ಕಂಡೆ. ದಾನವಾಗಿ ಬಂದ ನೂರಾರು ತಟ್ಟೆಗಳನ್ನು ಶ್ರದ್ಧೆಯಿಂದಲೇ ಗಣಕಯಂತ್ರಕ್ಕೆ ಇಳಿಸಿಕೊಂಡಿದ್ದರು. ಜಾಗ ಸಾಲದೆಂದು ಹೊದಿಕೆಗಳನ್ನು ರದ್ದಿಗೆ ಹಾಕಿ, ತಟ್ಟೆಗಳನ್ನು ಬೇರೆಯವರಿಗೆ ಕೊಟ್ಟುಬಿಟ್ಟಿದ್ದರು. ಗಣಕದಲ್ಲಿ ಉಳಿದದ್ದು ಹಾಡು ಒಂದು, ಹಾಡು ಎರಡು ಎಂಬ ಸಂಖ್ಯೆಗಳು. ಧ್ವನಿ ಶುದ್ಧವಾಗಿತ್ತು. ಒಂದು ಕೀರ್ತನೆಯನ್ನು ಹಾಡಿದ ಹೆಂಗಸಿನ ಕಂಠ ಅಸಾಧಾರಣವಾದದ್ದು. ಆಕೆ ಯಾರೆಂದು ಕೇಳಿದೆ. ಹೇಳಬಲ್ಲವರು ಅಲ್ಲಿ ಯಾರೂ ಇರಲಿಲ್ಲ. ಇನ್ನು ಮುಂದೆ ಇರುವ ಸಂಭವವೂ ಕಡಮೆ. ಕೀರ್ತನೆ ಯಾರದೆಂದು ಮಾತ್ರ ತಿಳಿಯಿತು, ಅಂಕಿತವಿತ್ತಲ್ಲ! ಐನೂರು ವರ್ಷದ ಹಿಂದಿನ ದಾಸರ ಹೆಸರು ಉಳಿದಿತ್ತು; ನಮ್ಮ ಅಜ್ಜಿಯರ ಕಾಲದ ಗಾಯಕಿಯ ಹೆಸರು ಅಳಿದಿತ್ತು.

ಆದ್ದರಿಂದ ನನ್ನ ಬಿನ್ನಹ ಇಷ್ಟೆ. ಯಾರ ಮನೆಯ ಅಟ್ಟದಲ್ಲಿ ಹಳೆಯ ತಟ್ಟೆಗಳಿವೆಯೋ ಅವರು ತಟ್ಟೆಯನ್ನೂ ಹೊದಿಕೆಯನ್ನೂ ಅಗಲಿಸಬಾರದು. ಒಂದರ ಮೇಲೊಂದು ಪೇರಿಸದೆ ಪುಸ್ತಕಗಳಂತೆ ನೆಟ್ಟಗೆ ನಿಲ್ಲಿಸಿ ಇಡಬೇಕು. ಹಾಡನ್ನು ಗಣಕಕ್ಕೆ ಇಳಿಸುವವರು ಲೇಬಲ್ಲಿನ ಎರಡು ಮುಖಗಳನ್ನೂ ಹೊದಿಕೆಯ ಹಿಂದುಮುಂದನ್ನೂ ಛಾಯಾಚಿತ್ರ ತೆಗೆದು ಅದರ ಜೊತೆಯಲ್ಲಿಯೇ ಇರಿಸಬೇಕು. ಲೇಬಲ್ಲಿನ ಹತ್ತಿರ, ಗೀರುಗಳು ಮುಗಿಯುವಲ್ಲಿ, ತಟ್ಟೆಯ ಮೈಯಲ್ಲೇ ಕೆತ್ತಿದ ಸಣ್ಣ ಸಂಖ್ಯೆಯಿರುತ್ತದೆ, ಅದನ್ನೂ ಬರೆದುಕೊಳ್ಳಬೇಕು. ಲೇಬಲ್ಲು ಹಾಳಾದಾಗ ಕಂಪೆನಿಯ ಪಟ್ಟಿಗಳೊಡನೆ ತಾಳೆನೋಡಿ ಹೆಸರನ್ನು ಹುಡುಕಲು ಅದೊಂದೇ ದಾರಿ. ಹೊಸದಾಗಿ ಹಾಡುಗಳನ್ನು ಹೊರತರುವವರು ಚಿತ್ರ ಎಷ್ಟು ಬೇಕಾದರೂ ಸೊಗಸಾಗಿರಲಿ, ಕವಿಯಿಂದ ತಂಬೂರಿಯವರೆಗೆ ಎಲ್ಲರ ಹೆಸರನ್ನೂ ಕಾಣಿಸಲಿ. ಇದಕ್ಕೆ ಹಣದ ಖರ್ಚಿಲ್ಲ. ಹತ್ತು ನಿಮಿಷದ ತಾಳ್ಮೆ ಬೇಕು.

ಮನೆಯ ಹಿರಿಯರು ಬದುಕಿರುವಾಗಲೇ, ಹೆಸರು ಮಾಸಿದ ತಟ್ಟೆಗಳನ್ನು ಅವರ ಮುಂದೆ ನುಡಿಸಿ ಇದು ಯಾರ ದನಿ ಎಂದು ಕೇಳಿ ಬರೆದಿಡಿ. ಅವರು ತಟ್ಟನೆ ಗುರುತಿಸುವುದನ್ನು ಮುಂದೆ ಯಾವ ಸಂಶೋಧಕನೂ ಗುರುತಿಸಲಾರ.

(ಬಾನುಲಿ ಭಾಷಣ)